ಗೊತ್ತಿರುವುದು ಬೇರೆ, ಕಲಿಸುವುದು ಬೇರೆ



ಇವತ್ತಿನ ಪಾಠಕ್ಕೆ ಒಂದು ಬೆಂಚು, ಇಬ್ಬರು ಗೆಳೆಯರು ಸಾಕು. ಇಬ್ಬರಿಗೂ ಗೊತ್ತಿರುವ ಒಂದು ಹಾಡನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಬಾಯಿ ಬಿಡಬೇಡಿ, ಅದರ ಲಯವನ್ನು ಬೆರಳಿನಿಂದ ಬೆಂಚಿನ ಮೇಲೆ ತಟ್ಟಿ. ಎದುರಿಗೆ ಕೂತವರು ಅದು ಯಾವ ಹಾಡು ಅಂತ ಹೇಳಬೇಕು. ತಟ್ಟುವ ಮೊದಲೇ ‘ಹೇಳ್ತಾರೆ’ ಅಥವಾ ‘ಹೇಳಲ್ಲ’ ಎಂದು ನಿಮ್ಮ ಊಹೆಯನ್ನು ಬರೆದಿಡಿ.

1990ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಮನೋವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ ಇದೇ ಪ್ರಯೋಗ ಮಾಡಿದರು. ಕೇಳುವವರಲ್ಲಿ ಅರ್ಧದಷ್ಟು ಜನ ಹಾಡನ್ನು ಗುರುತಿಸುತ್ತಾರೆ ಎಂದು ತಟ್ಟಿದವರು ನಂಬಿದ್ದರು. ಆದರೆ 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಬರೀ 3!

ಯಾಕೆ ಹೀಗೆ? ತಟ್ಟುವವರ ತಲೆಯೊಳಗೆ ಇಡೀ ಹಾಡು ಕೇಳಿಸುತ್ತಿರುತ್ತದೆ. ಎದುರಿಗಿದ್ದವರಿಗೆ ಕೇಳುವುದು ಬರೀ ಟಕ್ ಟಕ್. ಒಂದು ವಿಷಯ ಚೆನ್ನಾಗಿ ಗೊತ್ತಾದ ಮೇಲೆ, ಅದು ಗೊತ್ತಿಲ್ಲದವರ ಕಷ್ಟ ನಮಗೆ ಕಾಣಿಸುವುದೇ ಇಲ್ಲ. ಇದಕ್ಕೆ ‘ಜ್ಞಾನದ ಶಾಪ’ ಎನ್ನುತ್ತಾರೆ.

ಮೇಷ್ಟ್ರಾಗುವ ಮುನ್ನ

ನಮ್ಮ ದೇಶದಲ್ಲಿ ಹೈಸ್ಕೂಲಿನಲ್ಲಿ ಪಾಠ ಮಾಡಲು ಬಿ.ಎಡ್. ಬೇಕು. ಪದವಿ ಕಾಲೇಜಿನಲ್ಲಿ ಪಾಠ ಮಾಡಲು ಅದು ಕಡ್ಡಾಯವಲ್ಲ. ಅಮೆರಿಕದಲ್ಲಿ ಮನೋವಿಜ್ಞಾನದಲ್ಲಿ ಪಿಎಚ್.ಡಿ. ಮಾಡುವ ಅನೇಕರು ಓದುತ್ತಿರುವಾಗಲೇ ಬೋಧನಾ ಸಹಾಯಕರಾಗಿ ತರಗತಿಗೆ ಹೋಗುತ್ತಾರೆ. ವಿಷಯವೇನೋ ಅವರಿಗೆ ಗೊತ್ತು. ಆದರೆ ಅದನ್ನು ಹೇಳಿಕೊಡುವುದು ಹೇಗೆ? ಮಿಶಿಗನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ವಿಲ್ಬರ್ಟ್ ಮೆಕೀಚಿ ಇಂಥ ಹೊಸಬರಿಗಾಗಿ ‘ಟೀಚಿಂಗ್ ಟಿಪ್ಸ್’ ಎಂಬ ಕೈಪಿಡಿ ಬರೆದರು. 1950ರ ದಶಕದ ಆರಂಭದಲ್ಲಿ ಬಂದ ಆ ಪುಸ್ತಕ ಮತ್ತೆ ಮತ್ತೆ ಪರಿಷ್ಕೃತವಾಗಿ ಅಚ್ಚಾಗಿದೆ.

ಇಂಥವರನ್ನು ತಯಾರು ಮಾಡುವ ಒಂದು ವಿಧಾನ ‘ಸೂಕ್ಷ್ಮ ಬೋಧನೆ’. 1960ರ ದಶಕದಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲೇ ಇದು ಶುರುವಾಯಿತು. ನಿಮ್ಮ ಟೀಚರನ್ನು ಕೇಳಿ ನೋಡಿ, ಬಿ.ಎಡ್. ಓದುವಾಗ ಅವರೂ ಇದನ್ನು ಮಾಡಿರುತ್ತಾರೆ. ಇದರ ಹಂತಗಳು:

1. ಒಂದೇ ಒಂದು ಸಣ್ಣ ವಿಷಯವನ್ನು ಆರಿಸುವುದು.
2. ಕೆಲವೇ ಜನರ ಮುಂದೆ 5ರಿಂದ 10 ನಿಮಿಷ ಪಾಠ ಮಾಡುವುದು.
3. ಎಲ್ಲಿ ತಿಳಿಯಿತು, ಎಲ್ಲಿ ತಿಳಿಯಲಿಲ್ಲ ಎಂದು ಕೇಳಿದವರಿಂದಲೇ ತಿಳಿಯುವುದು.
4. ತಿದ್ದಿಕೊಂಡು ಅದೇ ಪಾಠವನ್ನು ಮತ್ತೆ ಮಾಡುವುದು.

ಮನೋವಿಜ್ಞಾನ ಓದಿದವರಿಗೆ ಇನ್ನೊಂದು ಅನುಕೂಲ ಉಂಟು. ಮನುಷ್ಯರು ಹೇಗೆ ಕಲಿಯುತ್ತಾರೆ ಎನ್ನುವುದೇ ಅವರ ಪಾಠದ ಒಂದು ಭಾಗ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬರಹ ಓದಿಸಿದರು. ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ನೋಡದೆ ನೆನಪಿನಿಂದ ಬರೆದರು. 5 ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರದ್ದೇ ಮೇಲುಗೈ. ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿನಿಂದ ಬರೆದವರೇ ಮುಂದು! ಹಾಗಾಗಿ ಇದನ್ನು ತಿಳಿದ ಉಪನ್ಯಾಸಕರು ಗಂಟೆಗಟ್ಟಲೆ ಹೇಳುತ್ತಾ ಹೋಗುವುದಿಲ್ಲ. ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ.

ಇದು ನಿಮಗೆ ಯಾಕೆ?

ನಿಮ್ಮಲ್ಲಿ ಹಲವರು ಮುಂದೆ ಕನ್ನಡ ಮಾಧ್ಯಮ ಬಿಟ್ಟು ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಮೊದಮೊದಲು ಕಾಲೇಜಿನ ಪಾಠ ನಿಮಗೂ ಬರೀ ಟಕ್ ಟಕ್ ಅನ್ನಿಸೀತು. ಆಗ ‘ನಾನು ದಡ್ಡ’, ‘ನಾನು ದಡ್ಡಿ’ ಅಂತ ಮೂಲೆ ಬೆಂಚಿನಲ್ಲಿ ಮುದುಡಿ ಕೂರಬೇಡಿ. ಹಾಡು ಪಾಠ ಮಾಡುವವರ ತಲೆಯಲ್ಲೇ ಉಳಿದಿರಬಹುದು. ಕೈ ಎತ್ತಿ, ‘ಸರ್, ಇಲ್ಲಿವರೆಗೆ ತಿಳೀತು, ಇಲ್ಲಿಂದ ತಿಳೀಲಿಲ್ಲ’ ಅನ್ನಿ. ಬರೀ ‘ಅರ್ಥ ಆಗಲಿಲ್ಲ’ ಎನ್ನುವುದಕ್ಕಿಂತ ಈ ಮಾತು ಅವರಿಗೂ ಹೆಚ್ಚು ಉಪಯೋಗ.

ಮಾಡಿ ನೋಡಿ

- ತರಗತಿಯಲ್ಲಿ 20 ಸಲ ಹಾಡು ತಟ್ಟಿ. ಊಹೆ ಎಷ್ಟಿತ್ತು, ಸರಿ ಉತ್ತರ ಎಷ್ಟು ಬಂತು? ಪಟ್ಟಿ ಮಾಡಿ.
- ದ್ಯುತಿಸಂಶ್ಲೇಷಣೆಯನ್ನು ನಾಲ್ಕನೇ ತರಗತಿಯ ತಮ್ಮನಿಗೋ ತಂಗಿಗೋ 5 ನಿಮಿಷದಲ್ಲಿ ಹೇಳಿಕೊಡಿ. ಆಮೇಲೆ ಅವರ ಬಾಯಲ್ಲೇ ಹೇಳಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿಂದ ನಿಮ್ಮ ಪಾಠ ತಿದ್ದಿ.