ಡಿಸ್ಕ್‌ನಲ್ಲಿರುವ ತೇರು ಕಾಗದಕ್ಕೆ ಇಳಿಯದಿದ್ದರೆ

ಕತ್ತರಿಸಿ, ಮಡಿಸಿ, ಅಂಟಿಸಿ ಮಾಡುವ ಕಾಗದದ ಕಲೆಗೆ ವಿನ್ಯಾಸಗಳನ್ನು ತುಂಬಿಕೊಟ್ಟ ಸಿಡಿ, ಡಿವಿಡಿಗಳು ಒಂದು ಕಾಲಕ್ಕೆ ಪುಸ್ತಕದಂಗಡಿಗಳಲ್ಲೂ ಕಂಪ್ಯೂಟರ್ ಅಂಗಡಿಗಳಲ್ಲೂ ಧಾರಾಳವಾಗಿ ಸಿಗುತ್ತಿದ್ದವು. ಅವು ಇವತ್ತಿಗೂ ಅನೇಕ ಮನೆಗಳ ಬೀರುವಿನಲ್ಲಿವೆ. ಅವುಗಳಲ್ಲಿರುವ ಡಬ್ಬಿ, ಗೋಪುರ, ಕಮಾನುಗಳ ನಕ್ಷೆಗಳನ್ನೇ ಚೂರು ತಿದ್ದಿಕೊಂಡರೆ ದಸರೆಯ ಗೊಂಬೆ ಕೂರಿಸುವುದಕ್ಕೆ ಮಂಟಪವಾಗುತ್ತದೆ, ನಾಮಕರಣಕ್ಕೆ ಕಾರ್ಡಾಗುತ್ತದೆ, ನಂಜನಗೂಡಿನ ದೊಡ್ಡಜಾತ್ರೆಯ ಐದು ತೇರುಗಳು ಮಕ್ಕಳ ಕೈಯಲ್ಲಿ ಗೇಣುದ್ದ ಎದ್ದು ನಿಲ್ಲುತ್ತವೆ.

ತೊಂದರೆ ಇರುವುದು ಡಿಸ್ಕ್‌ನಿಂದ ಕಾಗದದವರೆಗಿನ ದಾರಿಯಲ್ಲಿ. ದೇವನೂರಿನಂಥ ಊರಿನಲ್ಲಿ ಮನೆಯಲ್ಲಿ ಕಂಪ್ಯೂಟರ್ ಇದ್ದರೂ ಬಣ್ಣದ ಪ್ರಿಂಟಿಗೆ ನಂಜನಗೂಡಿಗೋ ಟಿ. ನರಸೀಪುರಕ್ಕೋ ಮೈಸೂರಿಗೋ ಹೋಗಬೇಕು. ಅಲ್ಲಿ ಹೋದ ಮೇಲೆ ಫೈಲ್ ತೆರೆಯದಿದ್ದರೆ ಅಥವಾ ಮನೆಗೆ ತಂದು ಕತ್ತರಿಸಿದ ಮೇಲೆ ಗೋಡೆಗೆ ಗೋಡೆ ಕೂಡದಿದ್ದರೆ ಬಸ್ ಚಾರ್ಜು, ದಪ್ಪ ಕಾಗದದ ದುಡ್ಡು, ಅರ್ಧ ದಿನ ಎಲ್ಲ ವ್ಯರ್ಥ. ಇಂಥ ತೊಂದರೆಗಳಲ್ಲಿ ಬಹುಪಾಲು ಹೊಸದೇನನ್ನೂ ಕೊಳ್ಳದೆ ಸರಿಯಾಗುತ್ತವೆ. ಕೆಟ್ಟಿರುವುದು ಡಿಸ್ಕೋ, ಫೈಲೋ, ಸಾಫ್ಟ್‌ವೇರೋ, ಪ್ರಿಂಟರೋ, ಕಾಗದವೋ ಎಂದು ಅದೇ ಕ್ರಮದಲ್ಲಿ ನೋಡುತ್ತಾ ಬನ್ನಿ. ಕ್ರಮ ತಪ್ಪಿಸಿ ನೇರವಾಗಿ ಪ್ರಿಂಟರ್ ಮೇಲೆ ಅನುಮಾನ ಪಟ್ಟವರೇ ಹೆಚ್ಚು ದುಡ್ಡು ಕಳೆದುಕೊಳ್ಳುವುದು.

ಮೊದಲು ಡಿಸ್ಕ್

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಇದ್ದವರಿಂದ ಒಂದು ದಿನದ ಮಟ್ಟಿಗೆ ಎರವಲು ಪಡೆಯಿರಿ. ಇಲ್ಲವೇ ಹಳೆಯ ಕಂಪ್ಯೂಟರ್ ಉಳಿಸಿಕೊಂಡಿರುವ ಡಿಟಿಪಿ ಅಂಗಡಿಯಲ್ಲಿ ಡಿಸ್ಕ್ ಕೊಟ್ಟು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಬೇಕಾದ ನಾಲ್ಕು ಫೈಲ್ ಸಾಕು ಎನ್ನಬೇಡಿ, ಇಡೀ ಡಿಸ್ಕನ್ನೇ ನಕಲು ಮಾಡಿಸಿ. ಸಿಡಿಯೊಂದರಲ್ಲಿ ಹಿಡಿಯುವುದೇ ಸುಮಾರು 700 ಎಂಬಿ, ಮಾಮೂಲಿ ಡಿವಿಡಿಯಲ್ಲಿ 4.7 ಜಿಬಿ. ಸಣ್ಣ ಪೆನ್‌ಡ್ರೈವ್‌ನಲ್ಲೂ ಅದಕ್ಕೆ ಜಾಗ ಇರುತ್ತದೆ.

ನಕಲು ನಡುವೆ ನಿಂತುಹೋದರೆ ಡಿಸ್ಕ್ ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಬೆರಳಿನ ಗುರುತು, ಧೂಳು ಇದ್ದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನ ತೂತಿನ ಕಡೆಯಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಒರೆಸಬೇಡಿ. ಮಾಹಿತಿ ಬರೆದಿರುವುದು ಸುತ್ತಿನ ಗೆರೆಯಲ್ಲೇ, ಆ ದಿಕ್ಕಿನಲ್ಲಿ ಬಿದ್ದ ಗೀರನ್ನು ಡ್ರೈವ್ ದಾಟಿಕೊಳ್ಳಲಾರದು. ಎಲ್ಲರೂ ಕೆಳಗಿನ ಹೊಳೆಯುವ ಮೈಯನ್ನೇ ಜೋಪಾನ ಮಾಡುತ್ತಾರೆ. ಆದರೆ ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಹೆಸರು ಅಚ್ಚಾಗಿರುವ ಮೇಲ್ಮೈಗೆ ತೀರಾ ಹತ್ತಿರ. ಅಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ, ಅಂಟಿಸಿದ ಚೀಟಿ ಕಿತ್ತರೆ ಆ ಭಾಗ ಮತ್ತೆ ಸಿಗುವುದಿಲ್ಲ. ಒರೆಸಿದರೂ ಓದದಿದ್ದರೆ ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದಲಾರದ್ದನ್ನು ಇನ್ನೊಂದು ಓದುವುದುಂಟು. ಒಂದೇ ಫೈಲ್ ಬಳಿ ಪದೇ ಪದೇ ನಿಲ್ಲುತ್ತಿದ್ದರೆ ಅದೊಂದನ್ನು ಬಿಟ್ಟು ಮಿಕ್ಕದ್ದನ್ನು ಫೋಲ್ಡರ್ ಫೋಲ್ಡರಾಗಿ ಉಳಿಸಿಕೊಳ್ಳಿ.

ಸೆಟಪ್ ಓಡದಿದ್ದರೆ

ಡಿಸ್ಕ್ ಹಾಕಿದ ಕೂಡಲೇ ಬಣ್ಣಬಣ್ಣದ ಮೆನು ತೆರೆದುಕೊಳ್ಳಬೇಕಿತ್ತು, ಬರೀ ಖಾಲಿ ಕಿಟಕಿ ಬಂತು ಎನ್ನುವವರು ಬಹಳ. ಕಾರಣ ಸರಳ. ಅಂಥ ಮೆನುಗಳಲ್ಲಿ ಅನೇಕವನ್ನು ಮಾಡಿದ್ದು ಫ್ಲ್ಯಾಶ್‌ನಲ್ಲಿ. ಅಡೋಬಿ ಕಂಪನಿ ಫ್ಲ್ಯಾಶ್ ಪ್ಲೇಯರನ್ನು 2020ರ ಡಿಸೆಂಬರ್ 31ಕ್ಕೆ ಕೈಬಿಟ್ಟಿತು, 2021ರ ಜನವರಿ 12ರಿಂದ ಅದರಲ್ಲಿ ಏನೂ ಓಡದಂತೆ ತಡೆಯಿತು. ಇನ್ನೂ ಹಳೆಯ ಡಿಸ್ಕ್‌ಗಳ ಸೆಟಪ್ 16 ಬಿಟ್‌ನದು, ಈಗಿನ 64 ಬಿಟ್ ವಿಂಡೋಸ್ ಅದನ್ನು ಮುಟ್ಟುವುದೇ ಇಲ್ಲ. ಡಿಸ್ಕ್ ಕೆಟ್ಟಿದೆ ಎಂದು ಎಸೆಯಬೇಡಿ.

ಡಿಸ್ಕ್‌ನ ಗುರುತಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಓಪನ್' ಆರಿಸಿ, ಒಳಗಿನ ಫೋಲ್ಡರ್‌ಗಳನ್ನು ಒಂದೊಂದಾಗಿ ನೋಡಿ. ವಿನ್ಯಾಸಗಳು ಬಹುತೇಕ ಪಿಡಿಎಫ್, ಜೆಪಿಜಿ ಅಥವಾ ಪಿಎನ್‌ಜಿ ರೂಪದಲ್ಲಿ ಯಾವುದೋ ಮೂಲೆಯ ಫೋಲ್ಡರ್‌ನಲ್ಲಿ ಇರುತ್ತವೆ. ಮೆನು ಇಲ್ಲದೆಯೇ ಅವನ್ನು ನೇರವಾಗಿ ತೆರೆಯಬಹುದು. ಜಿಪ್ ಕಡತ ಇದ್ದರೆ ಅದರೊಳಗಿನಿಂದಲೇ ತೆರೆಯುವ ಅವಸರ ಬೇಡ, 'ಎಕ್ಸ್‌ಟ್ರ್ಯಾಕ್ಟ್ ಆಲ್' ಕೊಟ್ಟು ಪೂರ್ತಿ ಬಿಡಿಸಿಕೊಳ್ಳಿ. ಸಿಡಿಆರ್ ಎಂದರೆ ಕೋರೆಲ್‌ಡ್ರಾದ ಕಡತ, ಪಿಎಸ್‌ಡಿ ಫೋಟೊಶಾಪ್‌ನದು. ಎಸ್‌ವಿಜಿ ಕಡತಕ್ಕೆ ಇಂಕ್‌ಸ್ಕೇಪ್ ಸಾಕು. ಅದು ಉಚಿತ, ಕನ್ನಡದ ಒತ್ತಕ್ಷರಗಳನ್ನೂ ಸರಿಯಾಗಿ ತೋರಿಸುತ್ತದೆ. ಹಳೆಯ ಫ್ಲ್ಯಾಶ್ ಪ್ಲೇಯರ್ ಕೊಡುತ್ತೇವೆ ಎನ್ನುವ ಗುರುತಿಲ್ಲದ ಜಾಲತಾಣಗಳಿಂದ ಮಾತ್ರ ಏನನ್ನೂ ಇಳಿಸಿಕೊಳ್ಳಬೇಡಿ, ಅದರ ಜತೆ ವೈರಸ್ ಬರಬಹುದು. ಫ್ಲ್ಯಾಶ್ ಮೆನು ನೋಡಲೇಬೇಕಿದ್ದರೆ ರಫಲ್ ಎಂಬ ಮುಕ್ತ ತಂತ್ರಾಂಶವಿದೆ.

ತೆರೆದ ವಿನ್ಯಾಸವನ್ನು ತಿದ್ದಿ ಉಳಿಸಲು ಹೋದರೆ ಆಗುತ್ತಿಲ್ಲವೇ? ನೀವು ಇನ್ನೂ ಡಿಸ್ಕ್‌ನಿಂದಲೇ ತೆರೆದಿದ್ದೀರಿ. ಅದರ ಮೇಲೆ ಬರೆಯಲು ಬರುವುದಿಲ್ಲ. ಕಂಪ್ಯೂಟರ್‌ಗೆ ನಕಲು ಮಾಡಿಕೊಂಡು ಆ ನಕಲನ್ನು ತಿದ್ದಿ.

ಕನ್ನಡ ಅಕ್ಷರ ಎಲ್ಲಿ ಹೋಯಿತು?

ಕನ್ನಡದ ಆಮಂತ್ರಣ, ಹೆಸರಿನ ಪಟ್ಟಿ ಇರುವ ವಿನ್ಯಾಸಗಳಲ್ಲಿ ನಮ್ಮವರನ್ನು ಹೆಚ್ಚು ಕಾಡುವುದು ಇದು. 'ಕನ್ನಡ' ಎಂದು ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ ಸಾಲಾಗಿ ಕಂಡರೆ ಹೆದರಬೇಡಿ, ಫೈಲ್ ಸರಿಯಾಗಿಯೇ ಇದೆ. ಅದನ್ನು ನುಡಿಯಂಥ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಲಾಗಿದೆ, ನಿಮ್ಮ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲ, ಅಷ್ಟೆ. ಡಿಸ್ಕ್‌ನಲ್ಲೇ ಫಾಂಟ್ ಎಂಬ ಫೋಲ್ಡರ್ ಇದೆಯೇ ನೋಡಿ. ಅದರಲ್ಲಿರುವ ಟಿಟಿಎಫ್ ಕಡತದ ಮೇಲೆ ಬಲಗುಂಡಿ ಒತ್ತಿ 'ಇನ್‌ಸ್ಟಾಲ್' ಕೊಡಿ, ವಿನ್ಯಾಸದ ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆಯಿರಿ. ಅಲ್ಲಿ ಇರದಿದ್ದರೆ ಕನ್ನಡ ಗಣಕ ಪರಿಷತ್ತಿನ ನುಡಿಯನ್ನೋ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ' ತಂತ್ರಾಂಶವನ್ನೋ ಹಾಕಿಕೊಂಡು ಅಕ್ಷರಗಳನ್ನು ಆಯ್ದು ಫಾಂಟ್ ಬದಲಿಸಿ ನೋಡಿ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಟೈಪ್ ಮಾಡಿದ್ದಕ್ಕೆ ನುಡಿ ಫಾಂಟ್ ಕೊಟ್ಟರೆ ಮತ್ತೊಂದು ಬಗೆಯ ಗೋಜಲು ಬರುತ್ತದೆ. ಅವೆರಡರ ಸಂಕೇತ ಬೇರೆ ಬೇರೆ.

ಇದರ ಉಲ್ಟಾ ಸಮಸ್ಯೆಯೂ ಇದೆ. ಮೊಬೈಲ್‌ನಲ್ಲಿ ಟೈಪ್ ಮಾಡಿದ ಯೂನಿಕೋಡ್ ಕನ್ನಡವನ್ನು ಹಳೆಯ ಕೋರೆಲ್‌ಡ್ರಾ ಅಥವಾ ಫೋಟೊಶಾಪ್‌ನಲ್ಲಿ ಅಂಟಿಸಿದರೆ ಒತ್ತಕ್ಷರ ಕಳಚಿ ಬೀಳುತ್ತದೆ. 'ಶ್ರೀಕಂಠೇಶ್ವರ' ಎಂಬ ಹೆಸರಿನಲ್ಲಿ ಶಕಾರದ ಕೆಳಗಿರಬೇಕಾದ ವತ್ತು ಪಕ್ಕಕ್ಕೆ ಬಂದು ಕೂರುತ್ತದೆ. ದೇವರ ಹೆಸರು, ಮನೆಯ ಹಿರಿಯರ ಹೆಸರು ಹಾಗೆ ಮುರಿದು ಅಚ್ಚಾದ ಕಾರ್ಡನ್ನು ಯಾರಿಗೂ ಕೊಡಬಾರದು. ಫೋಟೊಶಾಪ್‌ನ 'ಪ್ರಿಫರೆನ್ಸಸ್' ಒಳಗೆ 'ಟೈಪ್' ವಿಭಾಗಕ್ಕೆ ಹೋಗಿ 'ಸೌತ್ ಏಷ್ಯನ್' ಅಥವಾ 'ವರ್ಲ್ಡ್ ರೆಡಿ' ಎಂಬ ಆಯ್ಕೆ ಕೊಟ್ಟು ಅಕ್ಷರವನ್ನು ಹೊಸದಾಗಿ ಟೈಪ್ ಮಾಡಿ. ಸಾಫ್ಟ್‌ವೇರ್ ತೀರಾ ಹಳೆಯದಾದರೆ ನುಡಿಯ ಪರಿವರ್ತಕದಲ್ಲಿ ಯೂನಿಕೋಡನ್ನು ಆಸ್ಕಿಗೆ ಬದಲಿಸಿ ಬಳಸಿ. ಅಂಗಡಿಗೆ ಒಯ್ಯುವ ಮುನ್ನ ಎಲ್ಲವನ್ನೂ ಪಿಡಿಎಫ್ ಮಾಡಿಕೊಳ್ಳಿ. ಕೋರೆಲ್‌ಡ್ರಾ ಕಡತವನ್ನೇ ಕೊಡುವುದಾದರೆ 'ಕನ್ವರ್ಟ್ ಟು ಕರ್ವ್ಸ್' ಮಾಡಿ ಕೊಡಿ. ಆಗ ಅಂಗಡಿಯವರಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ.

ಅಳತೆ: ಎಲ್ಲಕ್ಕಿಂತ ಮುಖ್ಯವಾದದ್ದು

ಕಾರ್ಡಿಗೆ ಅಳತೆ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ಮಾದರಿ ಕಟ್ಟುವಾಗ ನಡೆಯುವುದಿಲ್ಲ. ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಚನ್ನಕೇಶವ ದೇವಾಲಯವನ್ನೇ ತೆಗೆದುಕೊಳ್ಳಿ. ಬೇಲೂರು, ಹಳೇಬೀಡಿನ ಜತೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಗುಡಿಯ ವಿಮಾನಗಳ ತಳ ನಕ್ಷತ್ರದಾಕಾರದ್ದು. ಕಾಗದದಲ್ಲಿ ಅದರ ಗೋಡೆ ಎಂದರೆ ಒಳಗೊಮ್ಮೆ ಹೊರಗೊಮ್ಮೆ ಮಡಿಸುತ್ತಾ ಹೋಗುವ ಉದ್ದನೆಯ ಒಂದು ಪಟ್ಟಿ. 32 ಸೆಂಟಿಮೀಟರ್ ಪಟ್ಟಿ ಬೇಕೆಂದಿಟ್ಟುಕೊಳ್ಳಿ. ಎ4 ಹಾಳೆಯ ಉದ್ದ 29.7 ಸೆಂಟಿಮೀಟರ್ ಮಾತ್ರ, ಆದ್ದರಿಂದ ಪಟ್ಟಿ ಎರಡು ಹಾಳೆಗಳಲ್ಲಿ 16-16 ಆಗಿ ಬರುತ್ತದೆ. ಒಂದು ಹಾಳೆ ಪೂರ್ಣ ಅಳತೆಯಲ್ಲಿ, ಇನ್ನೊಂದು ಶೇ 97ರ ಅಳತೆಯಲ್ಲಿ ಅಚ್ಚಾದರೆ ಸುಮಾರು 5 ಮಿಲಿಮೀಟರ್ ವ್ಯತ್ಯಾಸ. ಚಾವಣಿ ಕೂರಿಸುವ ಹೊತ್ತಿಗೆ ಅದು ಅಂಟಿನಿಂದ ಮುಚ್ಚಲಾಗದ ಬಿರುಕಾಗಿರುತ್ತದೆ.

ಈ ಶೇ 97 ಎಲ್ಲಿಂದ ಬರುತ್ತದೆ? ಹೊರದೇಶದ ಅನೇಕ ಡಿಸ್ಕ್‌ಗಳಲ್ಲಿ ವಿನ್ಯಾಸ ಇರುವುದು ಅಮೆರಿಕದ ಲೆಟರ್ ಹಾಳೆಗೆ, ಅಂದರೆ 215.9 × 279.4 ಮಿಲಿಮೀಟರ್‌ಗೆ. ನಮ್ಮ ಎ4 ಅಗಲ 210 ಮಿಲಿಮೀಟರ್. ಪ್ರಿಂಟ್ ಕಿಟಕಿಯಲ್ಲಿ 'ಫಿಟ್' ಎಂದಿದ್ದರೆ ಕಂಪ್ಯೂಟರ್ ನಮ್ಮನ್ನು ಕೇಳದೆ ಕುಗ್ಗಿಸುತ್ತದೆ, ಅಂಚಿನ ಖಾಲಿ ಜಾಗಕ್ಕೆಂದು ಇನ್ನೂ ಚೂರು ಕಿರಿದಾಗುವುದೂ ಉಂಟು. ಪಿಡಿಎಫನ್ನು ಬ್ರೌಸರ್‌ನಲ್ಲಿ ತೆರೆಯದೆ ಅಡೋಬಿ ರೀಡರ್‌ನಲ್ಲಿ ತೆರೆದು, 'ಆಕ್ಚುಯಲ್ ಸೈಜ್' ಆರಿಸಿ. ಪ್ರಿಂಟರ್‌ನ 'ಪ್ರಾಪರ್ಟೀಸ್' ಒಳಗೂ ಕುಗ್ಗಿಸುವ ಆಯ್ಕೆ ಬೇರೆಯಾಗಿ ಇರುತ್ತದೆ, ಅದನ್ನೂ ತೆಗೆಯಿರಿ. ಲೆಟರ್ ಹಾಳೆಯ ವಿನ್ಯಾಸದ ಅಂಚು ಎ4ನಲ್ಲಿ ಕತ್ತರಿಸಿ ಹೋಗುತ್ತದೆ ಅನ್ನಿಸಿದರೆ ಎಲ್ಲ ಪುಟಗಳಿಗೂ ಒಂದೇ ಅಳತೆ, ಶೇ 95 ಎಂದು ನೀವೇ ಬರೆದುಕೊಡಿ. ಇಡೀ ಮಾದರಿ ಒಂದೇ ಸಮನೆ ಚಿಕ್ಕದಾದರೆ ತೊಂದರೆಯಿಲ್ಲ.

ಪರೀಕ್ಷೆ ಸುಲಭ. ವಿನ್ಯಾಸದ ಖಾಲಿ ಜಾಗದಲ್ಲಿ ಸರಿಯಾಗಿ 10 ಸೆಂಟಿಮೀಟರಿನ ಗೆರೆ ಎಳೆದು, ಮಾಮೂಲಿ ತೆಳು ಹಾಳೆಯಲ್ಲಿ ಕಪ್ಪುಬಿಳುಪಿನ ಒಂದು ಪ್ರತಿ ತೆಗೆಸಿ ಸ್ಕೇಲಿಟ್ಟು ಅಳೆಯಿರಿ. 10 ಬಂದರೆ ಮಾತ್ರ (ಶೇ 95 ಎಂದು ಕೊಟ್ಟಿದ್ದರೆ 9.5) ದಪ್ಪ ಹಾಳೆಗೆ ಕೈಹಾಕಿ. ಅಂಗಡಿಯಲ್ಲಿ ಸಂಕೋಚ ಬೇಡ. "ಅಣ್ಣ, ಫಿಟ್ ಮಾಡ್ಬೇಡಿ, ಹಂಡ್ರೆಡ್ ಪರ್ಸೆಂಟಲ್ಲಿ ಫಸ್ಟ್ ಒಂದೇ ಪೇಜ್ ಕೊಡಿ, ಅಳೆದು ನೋಡ್ತೀನಿ" ಎಂದು ಹೇಳಿ ನಿಂತುಕೊಳ್ಳಿ. ಎಲ್ಲ ಪುಟಗಳನ್ನೂ ಒಂದೇ ಅಂಗಡಿಯಲ್ಲಿ, ಒಂದೇ ಯಂತ್ರದಲ್ಲಿ, ಒಂದೇ ಸಲಕ್ಕೆ ಮುಗಿಸಿಕೊಳ್ಳಿ.

ಇನ್ನೊಂದು ಮಾತು. ವಿನ್ಯಾಸವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಬೇಡಿ. ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ, ಕತ್ತರಿಸುವ ಗೆರೆಗಳು ಮಸುಕಾಗುತ್ತವೆ. 300 ಡಿಪಿಐನಲ್ಲಿ ಒಂದು ಎ4 ಪುಟಕ್ಕೆ 2480 × 3508 ಪಿಕ್ಸೆಲ್ ಬೇಕು. 'ಡಾಕ್ಯುಮೆಂಟ್' ಆಗಿ ಕಳುಹಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ.

ಕಾಗದ ಮತ್ತು ಮಸಿ

ಮಾಮೂಲಿ ಜೆರಾಕ್ಸ್ ಹಾಳೆ 75ರಿಂದ 80 ಜಿಎಸ್‌ಎಂ, ನಿಲ್ಲುವ ಮಾದರಿಗೆ ಅದು ಸಾಲದು. 160ರಿಂದ 220 ಜಿಎಸ್‌ಎಂ ಇದ್ದರೆ ಮಡಿಕೆಯೂ ಚೆನ್ನ, ಮನೆಯ ಪ್ರಿಂಟರ್ ಕೂಡ ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಹಿಂದಿನ ಟ್ರೇ ಇರುವ ಪ್ರಿಂಟರ್ ಆದರೆ ದಪ್ಪ ಹಾಳೆಯನ್ನು ಅಲ್ಲಿಂದಲೇ, ಒಂದೊಂದಾಗಿ ಕೊಡಿ. ಕೆಳಗಿನ ಟ್ರೇಯಿಂದ ಹೋದರೆ ಹಾಳೆ ಒಳಗೆ ಪೂರ್ತಿ ಬಾಗಿ ತಿರುಗಬೇಕಾಗುತ್ತದೆ, ಸಿಕ್ಕಿಕೊಳ್ಳುವುದು ಅಲ್ಲೇ. ಮಳೆಗಾಲದಲ್ಲಿ ತೇವ ಹೀರಿ ಸುರುಳಿಯಾದ ಹಾಳೆಯೂ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ದಪ್ಪ ಪುಸ್ತಕದಡಿ ಚಪ್ಪಟೆಯಾಗಿ ಇಡಿ.

ಇಂಕ್‌ಜೆಟ್‌ಗೂ ಲೇಸರ್‌ಗೂ ಕಾಗದ ಬೇರೆ. ಆಫ್‌ಸೆಟ್ ಮುದ್ರಣದವರು ಬಳಸುವ ನುಣುಪಾದ ಆರ್ಟ್ ಕಾರ್ಡನ್ನು ಇಂಕ್‌ಜೆಟ್‌ಗೆ ಹಾಕಿದರೆ ಮಸಿ ಹೀರಿಕೊಳ್ಳದೆ ಮೇಲೇ ನಿಂತು ಬೆರಳಿಗೆ ಬಳಿಯುತ್ತದೆ. ಇಂಕ್‌ಜೆಟ್‌ನ ಹೊಳಪಿನ ಫೋಟೊ ಹಾಳೆಯನ್ನು ಲೇಸರ್‌ಗೆ ಹಾಕುವುದಂತೂ ಅಪಾಯ. ಶಾಖಕ್ಕೆ ಲೇಪ ಕರಗಿ ಯಂತ್ರದ ಒಳಗೇ ಅಂಟಿಕೊಳ್ಳುತ್ತದೆ, ರಿಪೇರಿ ಖರ್ಚು ದೊಡ್ಡದು. ಲೇಸರ್‌ನಲ್ಲಿ ದಪ್ಪ ಹಾಳೆ ಹಾಕುವಾಗ ಸೆಟ್ಟಿಂಗ್‌ನಲ್ಲಿ 'ಥಿಕ್' ಎಂದು ಕೊಡದಿದ್ದರೆ ಪುಡಿ ಸರಿಯಾಗಿ ಕಚ್ಚದೆ ಮಡಿಕೆಯಲ್ಲಿ ಉದುರುತ್ತದೆ. ಮಡಿಸುವ ಮುನ್ನ, ಬರೆಯದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಗೆರೆಯ ಮೇಲೆ ಒಮ್ಮೆ ಒತ್ತಿಕೊಳ್ಳಿ.

ನಂಜನಗೂಡಿನ ಪಕ್ಕದ ಚಿಕ್ಕಯ್ಯನಛತ್ರದಲ್ಲಿರುವ ಸೌತ್ ಇಂಡಿಯಾ ಪೇಪರ್ ಮಿಲ್ಸ್ ತಯಾರಿಸುವಂಥ ಕಂದು ಕ್ರಾಫ್ಟ್ ಕಾಗದ ಉಡುಗೊರೆ ಪೆಟ್ಟಿಗೆಗೆ ಬಹಳ ಗಟ್ಟಿ. ಅದರ ಮೇಲೆ ಪ್ರಿಂಟ್ ತೆಗೆಯುವವರು ಒಂದು ವಿಷಯ ತಿಳಿದಿರಬೇಕು. ಮಾಮೂಲಿ ಪ್ರಿಂಟರ್‌ನಲ್ಲಿ ಬಿಳಿ ಬಣ್ಣದ ಮಸಿ ಇರುವುದಿಲ್ಲ. ವಿನ್ಯಾಸದ ಬಿಳಿ ಜಾಗವೆಲ್ಲ ಕಂದಾಗುತ್ತದೆ, ಹಳದಿ ಮಂಕಾಗುತ್ತದೆ. ಕಪ್ಪು ಗೆರೆಯ ವಿನ್ಯಾಸಗಳು ಮಾತ್ರ ಅದಕ್ಕೆ ಒಪ್ಪುತ್ತವೆ.

ಬಣ್ಣದ ನಡುವೆ ಬಿಳಿ ಗೆರೆಗಳು ಬರುತ್ತಿದ್ದರೆ ಪ್ರಿಂಟರ್‌ನ 'ನಾಝಲ್ ಚೆಕ್' ಮಾಡಿ. ಗೆರೆ ತುಂಡಾಗಿದ್ದರೆ 'ಹೆಡ್ ಕ್ಲೀನಿಂಗ್' ಒಂದೆರಡು ಸಲ ಸಾಕು. ಆಮೇಲೆ ಕೆಲವು ಗಂಟೆ ಸುಮ್ಮನೆ ಬಿಟ್ಟು ನೋಡಿ. ಮತ್ತೆ ಮತ್ತೆ ಕ್ಲೀನ್ ಮಾಡಿದರೆ ಮಸಿಯೇ ಖಾಲಿಯಾಗುತ್ತದೆ. ಬೇಸಗೆಯಲ್ಲಿ ವಾರಕ್ಕೊಮ್ಮೆಯಾದರೂ ಬಣ್ಣದ ಒಂದು ಪುಟ ತೆಗೆಯುತ್ತಿದ್ದರೆ ಮಸಿ ಒಣಗುವುದಿಲ್ಲ. ಪರದೆಯ ಮೇಲೆ ಕಂಡ ಕುಂಕುಮ ಕೆಂಪು ಕಾಗದದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಮೊದಲು ಕಾಗದದ ಬಗೆ ಸರಿಯಾಗಿ ಆರಿಸಿದ್ದೀರಾ ನೋಡಿ. ಪರದೆಯ ಹೊಳಪು ಪೂರ್ತಿಯಾಗಿ ಕಾಗದಕ್ಕೆ ಬರುವುದಿಲ್ಲ ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು.

ಕೊನೆಗೆ ಇನ್ನೆರಡು ಮಾತು. ಡಿಸ್ಕ್‌ನೊಡನೆ ಬಂದ ಪರವಾನಗಿಯ ಚೀಟಿ ಓದಿ. ಸಾಮಾನ್ಯವಾಗಿ ಸ್ವಂತ ಬಳಕೆಗೆ ಅವಕಾಶವಿದ್ದು, ಮಾಡಿ ಮಾರುವುದಕ್ಕೆ ಷರತ್ತುಗಳಿರುತ್ತವೆ. ಜಾತ್ರೆಯಲ್ಲಿ ಅಂಗಡಿ ಹಾಕುವ ಯೋಚನೆ ಇದ್ದವರಿಗೆ ಇದು ಮುಖ್ಯ. ಪೆನ್‌ಡ್ರೈವ್ ಒಂದನ್ನೇ ನಂಬದೆ ಇನ್ನೊಂದು ಪ್ರತಿಯನ್ನು ಕಂಪ್ಯೂಟರ್‌ನಲ್ಲೋ ಗೂಗಲ್ ಡ್ರೈವ್‌ನಲ್ಲೋ ಇಡಿ. ಡಿಸ್ಕ್ ಓದುವ ಕಂಪ್ಯೂಟರ್‌ಗಳು ಒಂದೊಂದಾಗಿ ಮೂಲೆ ಸೇರುತ್ತಿವೆ. ನಂಜನಗೂಡಿನಲ್ಲೋ ನರಸೀಪುರದಲ್ಲೋ ಅಂಥ ಅಂಗಡಿ ಇನ್ನೂ ಇರುವಾಗಲೇ, ಮುಂದಿನ ಸಲ ಪೇಟೆಗೆ ಹೋಗುವಾಗ ಬೀರುವಿನಲ್ಲಿರುವ ಡಿಸ್ಕ್‌ಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ನಕಲು ಮಾಡಿಸಿಕೊಂಡು ಬನ್ನಿ.