ಬಾವಿಯನ್ನು ಕಾಯುವ ಕೆಸರು

ಕುವೈತ್‌ನ ತೈಲ ಬಾವಿಯಲ್ಲಿ ದುಡಿಯುವ ನನ್ನ ಮಾಮ ರಜೆಗೆ ಊರಿಗೆ ಬಂದಾಗ, "ಅಲ್ಲಿ ನನ್ನದು ಕೆಸರು ಕಲಸುವ ಕೆಲಸ" ಎಂದರು. ನಾವೆಲ್ಲ ನಕ್ಕೆವು. ಅದರ ಬಗ್ಗೆ ಓದಿದ ಮೇಲೆ ನನ್ನ ನಗು ನಿಂತಿತು.

ತೈಲ ಬಾವಿ ಕೊರೆಯುವಾಗ ಕೊಳವೆಯ ಮೂಲಕ ಕೆಳಗೆ ಪಂಪ್ ಮಾಡುವ ದ್ರವಕ್ಕೆ 'ಮಡ್' ಎನ್ನುತ್ತಾರೆ. ಅದು ಕೊರೆಯುವ ಬಿಟ್ಟನ್ನು ತಂಪಾಗಿಡುತ್ತದೆ, ಕಲ್ಲಿನ ಪುಡಿಯನ್ನು ಮೇಲೆ ತರುತ್ತದೆ, ತನ್ನ ಭಾರದಿಂದ ಭೂಮಿಯೊಳಗಿನ ಅನಿಲವನ್ನು ಅದುಮಿ ಹಿಡಿಯುತ್ತದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ರಿಗ್‌ನಲ್ಲಿ, ತಳದ ಸಿಮೆಂಟ್ ಬಿಗಿಯಾಗಿಲ್ಲದಿದ್ದರೂ ಮಡ್ ತೆಗೆದು ಹಗುರವಾದ ಸಮುದ್ರದ ನೀರು ತುಂಬಿಸುತ್ತಿದ್ದರು. ಅನಿಲ ನುಗ್ಗಿ ಸ್ಫೋಟವಾಯಿತು. 11 ಕಾರ್ಮಿಕರು ಸತ್ತರು.

ಎಣ್ಣೆಯಿಂದ ಮಾಡಿದ ಮಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದು ದುಬಾರಿ, ಪರಿಸರಕ್ಕೂ ಹಾನಿಕರ. ನೀರಿನಲ್ಲಿ ಬೆಂಟೋನೈಟ್ ಜೇಡಿಮಣ್ಣು ಕಲಸಿ ಮಾಡುವ ಮಡ್ ಅಗ್ಗ. ಅದಕ್ಕೆ ತೊಡಕಾಗುವುದು ಶೇಲ್ ಎಂಬ ಶಿಲೆ. ಮಳೆಗೆ ನಮ್ಮ ಎರೆಮಣ್ಣು ಉಬ್ಬುವಂತೆ ಶೇಲ್‌ನೊಳಗಿನ ಜೇಡಿಯೂ ನೀರು ಹೀರಿ ಉಬ್ಬುತ್ತದೆ. ಆಗ ಬಾವಿಯ ಗೋಡೆ ಕುಸಿದು ಕೊಳವೆ ಸಿಕ್ಕಿಕೊಳ್ಳಬಹುದು.

ಶೇಲ್‌ಗೆ ನೀರು ಹೋಗದಂತೆ ಅದರ ರಂಧ್ರಗಳನ್ನು ಮುಚ್ಚಬೇಕು. ಅವು ನ್ಯಾನೋಮೀಟರ್‌ಗಳಲ್ಲಿ ಅಳೆಯುವಷ್ಟು ಸಣ್ಣವು. ಬೆಂಟೋನೈಟ್ ಕಣ ಅವುಗಳಿಗೆ ದೊಡ್ಡದಾಯಿತು. ಜಲ್ಲಿಯ ರಾಶಿಯಲ್ಲಿ ನೀರು ಸೋರುತ್ತದೆ, ಸಂದುಗಳಿಗೆ ಮರಳು, ಸಿಮೆಂಟ್ ತುಂಬಿದರೆ ನಿಲ್ಲುತ್ತದೆ. 100 ನ್ಯಾನೋಮೀಟರ್‌ಗಿಂತ ಚಿಕ್ಕ ಸಿಲಿಕಾ ಕಣಗಳು ಮಾಡುವುದೂ ಇದನ್ನೇ.

ಆದರೆ ಇಷ್ಟು ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಮುದ್ದೆಯಾದ ಮೇಲೆ ಅವು ನ್ಯಾನೋಕಣಗಳಾಗಿ ಉಳಿಯುವುದಿಲ್ಲ. ಇಲ್ಲಿ ಸರ್ಫ್ಯಾಕ್ಟಂಟ್ ಬೇಕು. ಸಾಬೂನಿನಂತೆ ಇದರ ಅಣುವಿನ ಒಂದು ತುದಿ ನೀರಿಗೆ ಒಲಿಯುತ್ತದೆ, ಇನ್ನೊಂದು ನೀರನ್ನು ದೂರವಿಡುತ್ತದೆ. ತಕ್ಕ ಸರ್ಫ್ಯಾಕ್ಟಂಟ್ ಕಣಗಳ ಮೇಲೆ ಕುಳಿತು ಅವುಗಳನ್ನು ಬೇರೆಬೇರೆಯಾಗಿಡುತ್ತದೆ. ಕಣದ ವಿದ್ಯುದಾವೇಶಕ್ಕೆ ಹೊಂದದ್ದನ್ನು ಹಾಕಿದರೆ ಮುದ್ದೆ ಹೆಚ್ಚಬಹುದು. ಅತಿಯಾದರೆ ನೊರೆ ಬರುತ್ತದೆ. ನೊರೆಯಿಂದ ಮಡ್ ಹಗುರವಾಗುತ್ತದೆ. ಹಗುರವಾದರೆ ಏನಾಗಬಹುದೆಂದು ಮೇಲೆ ನೋಡಿದೆವು.

ಬೆರಕೆ ಸರಿಯಾಗಿದೆಯೇ ಎಂದು ತಿಳಿಯುವ ಪರೀಕ್ಷೆ ಸರಳ. ಮಡ್ಡನ್ನು ಫಿಲ್ಟರ್ ಕಾಗದದ ಮೇಲೆ 100 ಪಿಎಸ್‌ಐ ಒತ್ತಡದಲ್ಲಿ 30 ನಿಮಿಷ ಇಟ್ಟು, ಸೋರಿದ ನೀರನ್ನು ಅಳೆಯುತ್ತಾರೆ. ಸೋರಿಕೆ ಕಡಿಮೆಯಿದ್ದು, ಕಾಗದದ ಮೇಲೆ ಉಳಿದ ಜೇಡಿಯ ಪದರ ತೆಳುವಾಗಿದ್ದರೆ ಒಳ್ಳೆಯದು. ಆದರೆ ಕಾಗದದ ರಂಧ್ರ ಶೇಲ್‌ನದ್ದಕ್ಕಿಂತ ಬಹಳ ದೊಡ್ಡದು. ಆದ್ದರಿಂದ ಶೇಲ್ ತುಂಡಿನ ಮೇಲೂ ಪರೀಕ್ಷಿಸಬೇಕು.

ಕಲಿಲಗಳ ಪಾಠವನ್ನು ನಾನು ಅಂಕಕ್ಕಾಗಿ ಮಾತ್ರ ಓದಿದ್ದೆ. ಇನ್ಶಾ ಅಲ್ಲಾಹ್, ಮಾಮ ಮುಂದಿನ ರಜೆಗೆ ಬಂದಾಗ ಕೇಳುವ ಮೊದಲ ಪ್ರಶ್ನೆ ಸಿದ್ಧವಾಗಿದೆ: "ನೀವು ಕಲಸಿದ ಕೆಸರಿನಿಂದ 30 ನಿಮಿಷಕ್ಕೆ ಎಷ್ಟು ನೀರು ಸೋರುತ್ತದೆ?"