ಹಕ್ಕಲಾಯುವ ಸ್ತ್ರೀಯರು: ಚಿತ್ರವನ್ನು ನೋಡುವ ಒಂದು ಪಾಠ

ಹೊಲದಲ್ಲಿ ದುಡಿಯುವ ಹೆಣ್ಣುಮಗಳ ಚಿತ್ರವು ಸುಂದರವಾಗಿದ್ದ ಮಾತ್ರಕ್ಕೆ ಅವಳ ದುಡಿಮೆಯನ್ನು ತಿಳಿಸಿತೆಂದು ಹೇಳಲಾಗದು. ಸಾಲಗುಂದದ ಸುತ್ತಣ ಊರುಗಳ ಬಾಲಿಕೆಯರಲ್ಲಿ ಅನೇಕರ ತಾಯಂದಿರು ಹೊಲಗೆಲಸದವರಾದುದರಿಂದ, ಈ ಭೇದವನ್ನು ಮಕ್ಕಳಿಗೆ ಕಲಿಸುವದು ಅವಶ್ಯವೆಂದು ನಾವು ಎಣಿಸುತ್ತೇವೆ.

ಕೊಯ್ಲಿನ ತರುವಾಯ ಹೊಲದಲ್ಲಿ ಉಳಿದ ತೆನೆಗಳನ್ನು ಬಡವರು ಆರಿಸಿಕೊಳ್ಳುವದಕ್ಕೆ ಹಕ್ಕಲಾಯುವದೆಂದು ಹೆಸರು. ಸತ್ಯವೇದದ ರೂತಳು ಪರದೇಶದ ವಿಧವೆಯಾಗಿ ಬಂದು, ಬೋವಜನ ಹೊಲದಲ್ಲಿ ಸಾಯಂಕಾಲದ ವರೆಗೆ ಹಕ್ಕಲಾಯ್ದು, ಅದನ್ನು ಬಡಿದು, ಸುಮಾರು ಒಂದು ಏಫಾ ಜವೆಗೋದಿಯನ್ನು ಅತ್ತೆಯ ಬಳಿಗೆ ಹೊತ್ತು ತಂದಳು. 19ನೆಯ ಶತಮಾನದ ಫ್ರಾನ್ಸಿನಲ್ಲಿಯೂ ಈ ಪದ್ಧತಿಯಿತ್ತು. ಅಲ್ಲಿನ ಇಬ್ಬರು ಚಿತ್ರಕಾರರು ಎರಡು ವರ್ಷಗಳ ಅಂತರದಲ್ಲಿ ಅದನ್ನು ಚಿತ್ರಿಸಿದರು.

1857ರಲ್ಲಿ ಮಿಲೆ ಎಂಬವನು ಪ್ಯಾರಿಸ್ ಪ್ರದರ್ಶನದಲ್ಲಿಟ್ಟ ಚಿತ್ರದಲ್ಲಿ ಮೂವರು ಸ್ತ್ರೀಯರು ನೆಲಕ್ಕೆ ಬಾಗಿದ್ದಾರೆ. ಮುಖಗಳು ಸ್ಪಷ್ಟವಿಲ್ಲ, ಬೆನ್ನುಗಳೂ ಕೈಗಳೂ ಕಾಣುತ್ತವೆ. ದೂರದಲ್ಲಿ ಧನಿಕನ ಬಣವೆಗಳೂ ಕುದುರೆಯ ಮೇಲೆ ಕುಳಿತ ಮೇಲ್ವಿಚಾರಕನೂ ಇದ್ದಾರೆ. ಅನೇಕ ವಿಮರ್ಶಕರು ಇದನ್ನು ಮೆಚ್ಚಲಿಲ್ಲ. 1859ರಲ್ಲಿ ಬ್ರೆತೋನ್ ಎಂಬವನು ತೋರಿಸಿದ ಚಿತ್ರದಲ್ಲಾದರೋ ಸಂಜೆಯಾಗಿದೆ. ಕಾವಲುಗಾರನು ಕೂಗಿ ಕರೆಯಲು, ಸ್ತ್ರೀಯರು ತೆನೆಯ ಹೊರೆಗಳೊಡನೆ ಮನೆಗೆ ತಿರುಗಿದ್ದಾರೆ. ಕಾಲು ಬರಿದು, ಉಡುಪು ಜೀರ್ಣ. ನಿಲುವು ಮಾತ್ರ ರಾಣಿಯರದು. ಇದನ್ನು ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಆಸ್ಥಾನವು ಕೊಂಡುಕೊಂಡಿತು.

ಬ್ರೆತೋನನು ಸುಳ್ಳನ್ನು ಚಿತ್ರಿಸಿದನೆಂದು ನಾವು ಹೇಳುವದಿಲ್ಲ. ತನ್ನ ಹುಟ್ಟೂರಾದ ಕೂರಿಯೇರಿನ ಸ್ತ್ರೀಯರನ್ನು ಅವನು ಬಲ್ಲನು. ಅವರನ್ನು ಪ್ರೀತಿಸಿಯೇ ಚಿತ್ರಿಸಿದನು. ಆದರೆ ಅವನು ಆರಿಸಿಕೊಂಡದ್ದು ದುಡಿಮೆ ಮುಗಿದ ಹೊತ್ತು. ಮಿಲೆಯು ಆರಿಸಿಕೊಂಡದ್ದು ದುಡಿಮೆಯ ಹೊತ್ತು. ಅರಮನೆಯ ಗೋಡೆಗೆ ಮೊದಲಿನದೇ ಹಿತವೆನಿಸಿತು.

ಯೂರೋಪಿನ ಕಲಾಶಾಲೆಗಳ ಈ ತೈಲಚಿತ್ರರೀತಿಯು ನಮ್ಮ ದೇಶದಲ್ಲಿ ರಾಜಾ ರವಿವರ್ಮರಿಂದ (1848–1906) ಪ್ರಸಿದ್ಧವಾಯಿತು. 1893ರ ಷಿಕಾಗೋ ಪ್ರದರ್ಶನಕ್ಕೆ ಅವರು ಭಾರತದ ಸ್ತ್ರೀಯರ ಹತ್ತು ಚಿತ್ರಗಳನ್ನು ಕಳುಹಿಸಿದರು. 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದರು. ಅವರ ಮೂಲಚಿತ್ರಗಳು ಕೆಲವು ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿವೆ. ಅಚ್ಚಿನ ಪ್ರತಿಗಳು ಬಡವರ ಗೋಡೆಗಳಿಗೂ ಬಂದವು. ಆ ಅಚ್ಚುಗಳ ಸಂತತಿಯಾದ ಕ್ಯಾಲೆಂಡರುಗಳಲ್ಲಿ ಹಳ್ಳಿಯ ಹೆಣ್ಣು ಕೊಡ ಹೊತ್ತು ನಗುವದನ್ನು ಹಲವು ಸಾರಿ ಕಾಣುತ್ತೇವೆ. ಕಳೆ ತೆಗೆಯುವದನ್ನು ಕಾಣುವದು ಅಪರೂಪ.

ತುಂಗಭದ್ರಾ ಅಣೆಕಟ್ಟಿನಿಂದ 1953ರ ತರುವಾಯ ಹರಿದ ಎಡದಂಡೆಯ ನೀರು ಸಿಂಧನೂರು ಸೀಮೆಯನ್ನು ಭತ್ತದ ನಾಡನ್ನಾಗಿ ಮಾಡಿತು. ನಾಟಿಯ ಕಾಲದಲ್ಲಿ ನಮ್ಮ ಸ್ತ್ರೀಯರು ಕೆಸರಿನಲ್ಲಿ ನಿಂತು, ನಡು ಬಗ್ಗಿಸಿ, ಸಸಿ ನೆಡುತ್ತ ಹಿಂದೆ ಹಿಂದೆ ಸರಿಯುತ್ತಾರೆ. ದಾರಿಯಿಂದ ನೋಡಿದವನಿಗೆ ಹಸುರೂ ಬಣ್ಣದ ಸೀರೆಗಳ ಸಾಲೂ ಕಾಣುವವು. ಸಂಜೆಯ ಬೆನ್ನುನೋವು ಕಾಣದು.

ಆದುದರಿಂದ ತಂದೆತಾಯಿಗಳೂ ಪೂರ್ವವಿದ್ಯಾರ್ಥಿನಿಯರೂ ಇಂಥ ಚಿತ್ರವನ್ನು ಮಕ್ಕಳಿಗೆ ತೋರಿಸುವಾಗ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ಬೇಡುತ್ತೇವೆ. ಇದು ದಿನದ ಯಾವ ಹೊತ್ತು? ಇವಳ ಕೈ ಏನು ಮಾಡುತ್ತಲಿದೆ? ಬೆಳೆ ಯಾರ ಮನೆಗೆ ಹೋಗುವದು? ಉತ್ತರ ತಿಳಿಯದಿದ್ದರೆ ಮಗಳು ತಾಯಿಯನ್ನೇ ಕೇಳಲಿ. ಈ ವಿಷಯದಲ್ಲಿ ಅವಳೇ ಗುರು.